ಕಡಲ ಬೇಲೆಯೋ, ಬಚ್ಚಲೋ, ಬರಿಯ ನಿದ್ದೆಯೋ: ದಣಿವಿಗೆ ತಕ್ಕ ಆರೈಕೆ ಆರಿಸಿಕೊಳ್ಳುವ ಬಗೆ

ಕಾರವಾರದ ಕಚೇರಿಯಲ್ಲಿ ದಿನವಿಡೀ ಕಡತಗಳ ನಡುವೆ ಕೂರುವ ಗುಮಾಸ್ತರಿಗೂ, ಅದೇ ಊರಿನಲ್ಲಿ ನಸುಕಿನಿಂದ ಮೀನಿನ ಬುಟ್ಟಿ ಹೊತ್ತು ಓಡಾಡುವ ಹೆಂಗಸಿಗೂ, ಶಿರಸಿ ಕಡೆಯ ಹಳ್ಳಿಮನೆಯ ಮಾಳಿಗೆಯಲ್ಲಿ ಕುಳಿತು ಬೆಂಗಳೂರಿನ ಕಂಪನಿಗೆ ದುಡಿಯುವ ಹುಡುಗನಿಗೂ ಸಿಗುವ ಸಲಹೆ ಒಂದೇ: ವಾಕಿಂಗ್ ಹೋಗಿ, ಯೋಗ ಮಾಡಿ, ಚಿಂತೆ ಬಿಡಿ. ಮೂವರ ದಣಿವು ಮಾತ್ರ ಒಂದೇ ಅಲ್ಲ. ಗುಮಾಸ್ತರ ಮೈ ಜಡಗಟ್ಟಿದೆ, ತಲೆ ಬಿಸಿಯಾಗಿದೆ. ಮೀನು ಮಾರುವವಳ ಕಾಲು ಸೋತಿದೆ, ನಿದ್ದೆ ಸಾಲುತ್ತಿಲ್ಲ. ಮಾಳಿಗೆಯ ಹುಡುಗ ವಾರಗಟ್ಟಲೆ ಮನೆಯವರನ್ನು ಬಿಟ್ಟು ಬೇರೆ ಮುಖ ಕಂಡಿಲ್ಲ. ‘ಡಾಕ್ಟರು ದಿನಾ ನಡೆಯಬೇಕು ಅನ್ನುತ್ತಾರೆ ಅಕ್ಕಾ, ಹಾಗಾದರೆ ಬೆಳಗಿನಿಂದ ನಾನು ಮಾಡಿದ್ದೇನು?’ ಎಂದು ಮೀನಿನಾಕೆ ಕೇಳಿದರೆ ಉತ್ತರ ಕೊಡುವುದು ಕಷ್ಟ.

ನಾನು ಘಟ್ಟದ ಮೇಲೆ ಹುಟ್ಟಿ ಘಟ್ಟದ ಕೆಳಗೆ ನೌಕರಿ ಮಾಡುವವಳು. ಎರಡೂ ಕಡೆಯ ರೂಢಿಗಳನ್ನು ಬಲ್ಲೆ, ಎರಡೂ ಕಡೆಯವರು ತಮ್ಮದೇ ಶ್ರೇಷ್ಠ ಎಂದು ವಾದಿಸುವುದನ್ನೂ ಕೇಳಿದ್ದೇನೆ. ಆರಿಸಿಕೊಳ್ಳಲು ನಾನು ಬಳಸುವ ಅಳತೆ ಇಷ್ಟೆ: ನಿಮ್ಮ ದಿನದಲ್ಲಿ ಯಾವುದು ಇಲ್ಲವೋ ಅದನ್ನು ಕೊಡುವ ಆರೈಕೆ ನಿಮ್ಮದು. ಕುಳಿತೇ ಇರುವವರಿಗೆ ಓಡಾಟ, ಓಡಾಡುವವರಿಗೆ ಒರಗುವಿಕೆ, ಜನರ ನಡುವೆ ಬೇಯುವವರಿಗೆ ಏಕಾಂತ, ಒಂಟಿಯಾಗಿರುವವರಿಗೆ ಜನ. ಜೊತೆಗೆ ನಮ್ಮ ಈ ಉತ್ತರ ಕನ್ನಡ ಜಿಲ್ಲೆಯವರು ಕೇಳಿಕೊಳ್ಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ. ಆಷಾಢದ ಮಳೆಯಲ್ಲೂ ಇದು ನಡೆಯುತ್ತದೆಯೇ? ಜೂನ್‌ನಿಂದ ಸೆಪ್ಟೆಂಬರ್ ಎಂದರೆ ವರ್ಷದ ಮೂರನೆಯ ಒಂದು ಪಾಲು. ಅಷ್ಟು ಕಾಲ ನಿಂತುಹೋಗುವ ಅಭ್ಯಾಸವನ್ನು ಮತ್ತೆ ಹಿಡಿಯುವುದು ಸುಲಭವಲ್ಲ.

ಮೊದಲು ಕಾಯಿಲೆಯನ್ನು ಬೇರ್ಪಡಿಸಿ

ಎರಡು ರಾತ್ರಿ ಚೆನ್ನಾಗಿ ಮಲಗಿದರೆ, ಒಂದು ಭಾನುವಾರ ಬಿಡುವು ಸಿಕ್ಕರೆ ಇಳಿಯುವ ದಣಿವು ಮನೆಯ ಆರೈಕೆಗೆ ಬಗ್ಗುತ್ತದೆ. ವಾರಗಟ್ಟಲೆ ಹಾಗೆಯೇ ಉಳಿದರೆ ಎಣ್ಣೆಸ್ನಾನಕ್ಕಿಂತ ರಕ್ತಪರೀಕ್ಷೆ ಮೇಲು. ಹಿಮೋಗ್ಲೋಬಿನ್ ಗರ್ಭಿಣಿಯರಲ್ಲದ ಹೆಂಗಸರಲ್ಲಿ ಡೆಸಿಲೀಟರಿಗೆ 12 ಗ್ರಾಂ, ಗಂಡಸರಲ್ಲಿ 13 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಥೈರಾಯ್ಡ್ ಕಡಿಮೆಯಾದರೂ, ಸಕ್ಕರೆ ಕಾಯಿಲೆ ಒಳಗೊಳಗೇ ಬೆಳೆಯುತ್ತಿದ್ದರೂ, ಬಿ12 ಜೀವಸತ್ವ ಸಾಲದಿದ್ದರೂ ಮೊದಲು ಕಾಣುವುದು ಸುಸ್ತೇ. ಶಾಕಾಹಾರಿ ಮನೆಗಳಲ್ಲಿ ಹಾಲು, ಮೊಸರನ್ನೂ ಬಿಟ್ಟವರು ಬಿ12 ಕಡೆಗೆ ವಿಶೇಷವಾಗಿ ಗಮನ ಕೊಡಬೇಕು. ರಾತ್ರಿ ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ಕಟ್ಟಿದಂತಾಗಿ, ಬೆಳಗ್ಗೆ ತಲೆಭಾರದಿಂದ ಏಳುವವರದ್ದು ಎಂಟು ತಾಸು ಮಲಗಿದರೂ ನಿದ್ದೆ ಆಗದ ಸ್ಥಿತಿ. ಅದಕ್ಕೂ ವೈದ್ಯರೇ ಬೇಕು.

ನಮ್ಮ ಭಾಗದಲ್ಲಿ ಜ್ವರದ ಜೊತೆ ಬರುವ ಸುಸ್ತನ್ನು ‘ಕೆಲಸ ಜಾಸ್ತಿಯಾಯಿತು’ ಎಂದು ತಳ್ಳಿಹಾಕುವ ಹಾಗಿಲ್ಲ. ಮಳೆಗಾಲದಲ್ಲಿ ಗದ್ದೆ, ತೋಟದ ಕೆಸರಲ್ಲಿ ಓಡಾಡುವವರಿಗೆ ಇಲಿಜ್ವರದ ಭಯ. ಮಳೆ ಕಳೆದು ಡಿಸೆಂಬರ್ ದಾಟಿದ ಮೇಲೆ ಸಿದ್ದಾಪುರ ಮತ್ತು ಅದರ ಸುತ್ತಲಿನ ಕಾಡಂಚಿನಲ್ಲಿ ಮಂಗನ ಕಾಯಿಲೆಯ ಭಯ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ ಇನ್ನೂ ನಮ್ಮನ್ನು ಬಿಟ್ಟು ಹೋಗಿಲ್ಲ. ಕಾಡಿಗೆ ಹೋಗಿ ಬಂದವರಿಗೆ ಒಮ್ಮೆಲೇ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಷಾಯ ಕುದಿಸುತ್ತ ಕೂರಬಾರದು.

ಮನಸ್ಸಿಗೂ ಇಂಥ ಗಡಿಯಿದೆ. ಎರಡು ವಾರ ಯಾವುದರಲ್ಲೂ ಆಸಕ್ತಿ ಹುಟ್ಟದಿದ್ದರೆ, ಬೇಸರ ದಿನದ ಬಹುಪಾಲನ್ನು ನುಂಗುತ್ತಿದ್ದರೆ, ಬದುಕುವುದೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಸಾಕು, ನೆರವು ಕೇಳಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲಿರುಳೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ದೊಡ್ಡ ಆಸ್ಪತ್ರೆಗೆ ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಓಡಾಡುವ ನಮ್ಮ ಜಿಲ್ಲೆಯಲ್ಲಿ ಬಸ್ಸು ಹತ್ತದೆ ಸಿಗುವ ನೆರವು ಎಂಬುದೇ ಇದರ ದೊಡ್ಡ ಗುಣ. ಊರಿನ ಆಸ್ಪತ್ರೆಯ ಸಾಲಿನಲ್ಲಿ ಪರಿಚಿತರ ಕಣ್ಣಿಗೆ ಬೀಳುವ ಅಂಜಿಕೆಯೂ ಇಲ್ಲ.

ಕೆಲಸದಿಂದಲೇ ಬಂದ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಸೇರಿಸಿದೆ. ಅಲ್ಲಿ ಅದನ್ನು ರೋಗ ಎಂದಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಿದೆ. ಶಕ್ತಿ ಬತ್ತಿಹೋಗುವುದು, ಮಾಡುವ ಕೆಲಸದ ಮೇಲೇ ಹೇವರಿಕೆ ಹುಟ್ಟುವುದು, ಕೈಯಿಂದ ಏನೂ ಆಗುತ್ತಿಲ್ಲ ಅನ್ನಿಸುವುದು ಅದರ ಮೂರು ಗುರುತುಗಳು. ಎರಡನೆಯದು ಕಾಣಿಸಿಕೊಂಡಿದ್ದರೆ ನಿದ್ದೆಯೊಂದರಿಂದ ಅದು ತೊಲಗುವುದಿಲ್ಲ.

ರಾತ್ರಿ ನಿದ್ದೆ, ಮಧ್ಯಾಹ್ನದ ಜೋಂಪು, ಭಾನುವಾರದ ಸಾಲ ತೀರಿಕೆ

ಈ ಮೂರರಲ್ಲಿ ರಾತ್ರಿ ನಿದ್ದೆಗೆ ಸಮನಾದದ್ದು ಇಲ್ಲ. ವಯಸ್ಕರಿಗೆ ಕನಿಷ್ಠ ಏಳು ತಾಸು ಬೇಕು. ಐದೇ ತಾಸು ಮಲಗಿ ನಸುಕಿನಲ್ಲಿ ಎದ್ದು ಪ್ರಾಣಾಯಾಮ ಮಾಡುವವರನ್ನು ಕಂಡಾಗ ನನಗೆ ಅನ್ನಿಸುವುದು, ಇವರು ಇನ್ನೊಂದು ತಾಸು ಮಲಗಿದ್ದರೆ ಲಾಭ ಹೆಚ್ಚಿತ್ತು ಎಂದು. ನಿದ್ದೆ ಕದ್ದು ಮಾಡುವ ಯಾವ ಆರೈಕೆಯೂ ನಷ್ಟದ ಬಾಬತ್ತೇ.

ಭಾನುವಾರ ಹನ್ನೊಂದರವರೆಗೆ ಮಲಗಿ ವಾರದ ಬಾಕಿ ತೀರಿಸುವವರಿಗೆ ಅಂದು ರಾತ್ರಿ ನಿದ್ದೆ ಬರುವುದಿಲ್ಲ. ಸೋಮವಾರ ಮತ್ತೆ ಮೊದಲಿನ ಪಾಡು. ಮಲಗುವ ಹೊತ್ತು ಹಿಂದುಮುಂದಾದರೂ ಏಳುವ ಹೊತ್ತನ್ನು ಹೆಚ್ಚು ಕದಲಿಸದಿರುವುದು ಉತ್ತಮ.

ಮಧ್ಯಾಹ್ನದ ಜೋಂಪಿಗೆ ನಾನು ವಿರೋಧಿಯಲ್ಲ. ಇಪ್ಪತ್ತರಿಂದ ಮೂವತ್ತು ನಿಮಿಷ, ಮೂರು ಗಂಟೆಯೊಳಗೆ. ಅದಕ್ಕಿಂತ ಉದ್ದವಾದರೆ ಎದ್ದ ಮೇಲೆ ಮಂಕು ಹಿಡಿಯುತ್ತದೆ. ಶಿರಸಿ ಸೀಮೆಯಲ್ಲಿ ಊಟದ ಕೊನೆಗೆ ಅಪ್ಪೆಹುಳಿ ಕುಡಿದವರು ನಿದ್ದೆಯನ್ನು ಅದರ ತಲೆಗೆ ಕಟ್ಟುತ್ತಾರೆ. ಒಗ್ಗರಣೆಯ ಇಂಗಿನ ಪರಿಮಳದೊಡನೆ ಆ ತಿಳಿಹುಳಿ ಎರಡು ಲೋಟ ಇಳಿದ ಮೇಲೆ ಕಣ್ಣು ಎಳೆಯುವುದು ನಿಜ. ಅದರ ಮುಂಚೆ ತಟ್ಟೆಯಲ್ಲಿ ಎಷ್ಟು ಅನ್ನ ಕರಗಿತ್ತು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪಾಳಿಯಲ್ಲಿ ದುಡಿಯುವ ದಾದಿಯರು, ರಾತ್ರಿ ಬಸ್ಸಿನ ಚಾಲಕರು, ಕೈಗಾದ ನೌಕರರು ಬೇರೆಯದೇ ವರ್ಗ. ಕೈಗಾ ಅಣುವಿದ್ಯುತ್ ಸ್ಥಾವರದ ಒಂದನೆಯ ಘಟಕ 962 ದಿನ ಎಡೆಬಿಡದೆ ಓಡಿ 2018ರ ಕೊನೆಯ ದಿನ ನಿಂತಾಗ ಅದು ವಿಶ್ವದಾಖಲೆಯಾಗಿತ್ತು. ಆ ದಾಖಲೆ ಯಂತ್ರದ್ದು. ಅದನ್ನು ನಡೆಸಿದ ಜನ ಪಾಳಿ ಬದಲಿಸುತ್ತಲೇ ಇದ್ದರು, ಯಂತ್ರವನ್ನೂ ಕೊನೆಗೆ ತಪಾಸಣೆಗೆಂದು ನಿಲ್ಲಿಸಬೇಕಾಯಿತು. ರಾತ್ರಿ ಪಾಳಿ ಮುಗಿಸಿದವರಿಗೆ ಬೆಳಗಿನ ವಾಕಿಂಗ್ ಬೇಡವೇ ಬೇಡ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಷ್ಟೂ ಮೈ ಎಚ್ಚರಗೊಳ್ಳುತ್ತದೆ. ಕಪ್ಪು ಕನ್ನಡಕ ಹಾಕಿಕೊಂಡು ನೇರ ಮನೆಗೆ ಬಂದು, ದಪ್ಪ ಪರದೆ ಎಳೆದು ಮಲಗುವುದೇ ಅವರ ಪಾಲಿನ ಆರೈಕೆ. ಆ ಹೊತ್ತಿನಲ್ಲಿ ಮಿಕ್ಸರ್ ಹಾಕದಿರುವುದು ಮನೆಯವರು ಕೊಡಬಹುದಾದ ಕಾಣಿಕೆ.

ನಡಿಗೆ: ಕಡಲ ಬೇಲೆ, ತೋಟ, ಟಾರು ರಸ್ತೆ

ವಾರಕ್ಕೆ 150 ನಿಮಿಷ ಮಧ್ಯಮ ವೇಗದ ವ್ಯಾಯಾಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸಿನ ಕೆಳಮಿತಿ. ಅಂದರೆ ವಾರಕ್ಕೆ ಐದು ದಿನ ಅರ್ಧ ತಾಸು. ಪ್ರಶ್ನೆ ಎಲ್ಲಿ ಎಂಬುದು.

ಕಾರವಾರದವರ ಕೈಗೆಟುಕುವಂತೆ ರವೀಂದ್ರನಾಥ ಟ್ಯಾಗೋರ್ ಕಡಲತೀರವಿದೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದಿದ್ದ ಇಪ್ಪತ್ತರ ಆಸುಪಾಸಿನ ರವೀಂದ್ರರು ಕಾಳಿ ನದಿಯಲ್ಲಿ ದೋಣಿಯೇರಿ ಹೋಗಿ, ಬೆಳದಿಂಗಳಲ್ಲಿ ಅಳಿವೆಯಿಂದ ಮನೆಯವರೆಗೆ ಮರಳಿನ ಮೇಲೆ ನಡೆದು ಬಂದದ್ದನ್ನು ಮುಂದೆ ನೆನಪಿಸಿಕೊಂಡಿದ್ದಾರೆ. ಕಚೇರಿಯಲ್ಲಿ ಕೂತು ಬಂದವರಿಗೆ ಇದಕ್ಕಿಂತ ಒಳ್ಳೆಯ ಸಂಜೆ ಇಲ್ಲ. ದಿನವೆಲ್ಲ ಪರದೆಯ ಮೇಲೆ ನೆಟ್ಟ ಕಣ್ಣಿಗೆ ದೂರದ ದಿಗಂತ ಸಿಗುತ್ತದೆ, ಅಲೆಯ ಸದ್ದಿಗೆ ತಲೆಯೊಳಗಿನ ಸದ್ದು ಅಡಗುತ್ತದೆ. ಆದರೆ ಮರಳನ್ನು ನಂಬುವಾಗ ಎಚ್ಚರ ಬೇಕು. ಒಣ ಸಡಿಲ ಮರಳಿನಲ್ಲಿ ನಡೆಯಲು ಗಟ್ಟಿ ನೆಲದ ನಡಿಗೆಗಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಮೈ ಜಡಗಟ್ಟಿದವರಿಗೆ ಅದು ಲಾಭ. ಕಾಲು ಸೋತವರಿಗೆ, ಹಿಮ್ಮಡಿ ನೋವಿನವರಿಗೆ, ಮಂಡಿ ಸವೆದವರಿಗೆ ನಷ್ಟ. ಅಂಥವರು ನೀರಿನಂಚಿನ ಒದ್ದೆ ಗಟ್ಟಿ ಮರಳನ್ನು ಹಿಡಿಯಲಿ, ಇಲ್ಲವೇ ಸುಮ್ಮನೆ ಕುಳಿತು ಬರಲಿ. ಸುಮ್ಮನೆ ಕುಳಿತು ಬರುವುದೂ ಆರೈಕೆಯೇ ಎಂಬುದನ್ನು ಒಪ್ಪಲು ನಮಗೆ ಯಾಕೋ ನಾಚಿಕೆ.

ಬೇಲೆಯ ಕೊರತೆ ಎರಡು. ಏಪ್ರಿಲ್, ಮೇ ತಿಂಗಳ ಸಂಜೆ ಐದಕ್ಕೂ ಬೆವರು ಒರಸಿ ಸಾಕಾಗುತ್ತದೆ, ಆಗ ಬೆಳಗಿನ ಹೊತ್ತೇ ಸರಿ. ಮಳೆಗಾಲದಲ್ಲಿ ಕಡಲು ಬೇರೆಯೇ ಆಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡದಲ್ಲೇ ಇರುವ ಕಾಲ ಅದು. ಆಗ ನೀರಿಗಿಳಿದು ‘ಮನಸ್ಸು ಹಗುರ’ ಮಾಡಿಕೊಳ್ಳುವ ಉತ್ಸಾಹ ಬೇಡ. ಮಳೆ ಇಲ್ಲದ ತಿಂಗಳಲ್ಲೂ ಜೀವರಕ್ಷಕರು ಕೆಂಪು ಬಾವುಟ ನೆಟ್ಟ ಕಡೆ ಇಳಿಯಬಾರದು. ದಡಕ್ಕೆ ಬಂದ ಅಲೆ ಹಿಂದೆ ಸರಿಯುವಾಗ ಎಳೆಯುವ ಸೆಳವಿಗೆ ಈಜು ಬಲ್ಲವರೂ ಸಿಕ್ಕಿಬಿದ್ದಿದ್ದಾರೆ.

ಘಟ್ಟದ ಮೇಲಿನವರು ‘ನಮಗೆ ಅಡಿಕೆ ತೋಟವೇ ಇದೆ’ ಎನ್ನುತ್ತಾರೆ. ನೆರಳು, ತಂಪು, ಹಕ್ಕಿಗಳ ಕೂಗು, ಇಳಿದು ಹತ್ತುವ ದಾರಿ ಎಲ್ಲವೂ ನಿಜ. ಊರಿಗೆ ಬಂದ ನೆಂಟರಿಗೆ ಇದು ಸ್ವರ್ಗ. ತೋಟದ ಯಜಮಾನನಿಗೆ ಮಾತ್ರ ಇದು ವಿಶ್ರಾಂತಿಯ ಜಾಗವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ತೋಟಕ್ಕೆ ಸುಮ್ಮನೆ ಅಡ್ಡಾಡಲು ಹೋದ ತೋಟಿಗ ಬಿದ್ದ ಸೋಗೆ ಎಳೆಯದೆ, ಉದುರಿದ ಕಾಯಿ ಎತ್ತಿ ಕೊಳೆರೋಗ ಬಂತೇ ಎಂದು ನೋಡದೆ, ಎಲೆಯ ಮೇಲಿನ ಚುಕ್ಕಿ ಎಣಿಸದೆ, ಈ ಸಲ ಮದ್ದು ಹೊಡೆಯಲು ಆಳು ಸಿಗುತ್ತಾರೋ ಇಲ್ಲವೋ ಎಂದು ತಲೆ ಕೆಡಿಸಿಕೊಳ್ಳದೆ ವಾಪಸು ಬರುವುದೇ ಇಲ್ಲ. ಅವನು ಹೋಗಿ ಬಂದದ್ದು ಕಚೇರಿಗೆ. ಅಂಥವರಿಗೆ ಊರ ಟಾರು ರಸ್ತೆಯ ನಡಿಗೆಯೇ ವಾಸಿ, ಪಕ್ಕದ ಮನೆಯವರ ತೋಟವಾದರೂ ಆದೀತು. ಬೇರೆಯವರ ಮರದಲ್ಲಿ ಕೊಳೆ ಕಂಡರೆ ಅಷ್ಟು ಸಂಕಟವಾಗುವುದಿಲ್ಲ.

ಕಾಡಂಚಿನ ದಾರಿಯಲ್ಲಿ ಮಳೆಗಾಲಕ್ಕೆ ಉಂಬಳ (ಜಿಗಣೆ), ಬೇಸಿಗೆಗೆ ಉಣುಗು (ಉಣ್ಣೆ). ಉಂಬಳದಿಂದ ಕಿರಿಕಿರಿ ಮಾತ್ರ, ಉಣುಗಿನಿಂದ ಮಂಗನ ಕಾಯಿಲೆ ಬರಬಹುದು. ಮೈ ಮುಚ್ಚುವ ಬಟ್ಟೆ, ಆರೋಗ್ಯ ಇಲಾಖೆ ಹಂಚುವ ಉಣುಗು ನಿರೋಧಕ ತೈಲ, ಬಂದ ಕೂಡಲೇ ಬಿಸಿನೀರ ಸ್ನಾನ, ಇಷ್ಟಿಲ್ಲದೆ ಆ ದಾರಿ ಬೇಡ. ಮಳೆ ಜಡಿಯುವ ದಿನಗಳಿಗೆ ಜಗುಲಿಯ ಉದ್ದಕ್ಕೂ ಅತ್ತಿಂದಿತ್ತ ನಡೆಯುವ ಹಿರಿಯರ ಪದ್ಧತಿಯೇ ಗಟ್ಟಿ. ನೋಡುವವರಿಗೆ ನಗು ಬರಬಹುದು, ಕಾಲಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಉಸಿರು, ಆಸನ, ಎಣ್ಣೆಸ್ನಾನ

ಬರಿಯ ಉದ್ವೇಗ ಇಳಿಸಲು, ಅದೂ ಐದು ನಿಮಿಷದಲ್ಲಿ, ನಿಧಾನ ಉಸಿರಾಟಕ್ಕೆ ಸರಿಗಟ್ಟುವ ಅಗ್ಗದ ಉಪಾಯ ಬೇರೊಂದಿಲ್ಲ. ನಿಮಿಷಕ್ಕೆ ಸುಮಾರು ಆರು ಉಸಿರು. ಒಳಕ್ಕೆ ನಾಲ್ಕು ಎಣಿಸುವಷ್ಟು, ಹೊರಕ್ಕೆ ಆರು ಎಣಿಸುವಷ್ಟು. ಹೊರಬಿಡುವ ಉಸಿರು ಉದ್ದವಾದಾಗ ಎದೆಬಡಿತ ನಿಧಾನವಾಗುತ್ತದೆ. ಮೇಲಧಿಕಾರಿಯ ಕೋಣೆಯ ಹೊರಗೆ ಕಾಯುವಾಗ, ಬಸ್ಸಿನ ಕಿಟಕಿಯ ಪಕ್ಕ, ನಡುರಾತ್ರಿ ಎಚ್ಚರವಾದಾಗ, ಎಲ್ಲಿ ಬೇಕಾದರೂ ಮಾಡಬಹುದು. ಮಳೆಗೂ ಇದಕ್ಕೂ ಸಂಬಂಧವಿಲ್ಲ. ಕಸುವಿಲ್ಲದ ದೇಹಕ್ಕೆ ಮಾತ್ರ ಇದು ಕಸುವು ತುಂಬುವುದಿಲ್ಲ.

ಯೋಗದ ತರಗತಿಗೆ ಹೋಗುವುದೋ, ಮೊಬೈಲ್ ನೋಡಿ ಮನೆಯಲ್ಲೇ ಮಾಡುವುದೋ ಎಂದು ಕೇಳಿದರೆ ನನ್ನ ಮತ ತರಗತಿಗೆ. ಕಲಿಸುವವರು ಬೆನ್ನು ತಿದ್ದುತ್ತಾರೆ ಎಂಬುದು ಒಂದು ಕಾರಣ. ಗೃಹಿಣಿಯೊಬ್ಬಳಿಗೆ ಒಂದು ತಾಸು ಮನೆಯಿಂದ ಹೊರಗೆ ಹೋಗಲು ಎಲ್ಲರೂ ಒಪ್ಪುವ ನೆಪ ಸಿಗುತ್ತದೆ ಎಂಬುದು ಅದಕ್ಕಿಂತ ದೊಡ್ಡದು. ಮನೆಯಲ್ಲಿ ಚಾಪೆ ಹಾಸಿದ ತಾಯಿಯನ್ನು ಹತ್ತು ನಿಮಿಷಕ್ಕೊಮ್ಮೆ ಯಾರಾದರೂ ಕರೆಯದೆ ಬಿಟ್ಟ ಮನೆಯನ್ನು ನಾನು ನೋಡಿಲ್ಲ. ಮೈಮುರಿದು ದುಡಿದವರಿಗೆ ಸೂರ್ಯನಮಸ್ಕಾರ ಬೇಡ, ಶವಾಸನ ಸಾಕು. ಅದನ್ನೇ ಹದಿನೈದು ನಿಮಿಷ ಮಾಡಲಿ. ನಡುವೆ ನಿದ್ದೆ ಬಂದರೆ ಬರಲಿ.

ಇನ್ನು ಎಣ್ಣೆಸ್ನಾನ. ಘಟ್ಟದ ಮೇಲೆ ದೀಪಾವಳಿಯ ನಸುಕಿನ ಅಭ್ಯಂಜನಕ್ಕೆ ಇರುವ ಮರ್ಯಾದೆ ಉಳಿದ ವಾರಗಳ ಸ್ನಾನಕ್ಕೆ ಈಗ ಉಳಿದಿಲ್ಲ. ಹಂಡೆಯ ಜಾಗದಲ್ಲಿ ಗೀಸರ್ ಬಂದರೂ ಲಾಭವೇನೂ ಕಡಿಮೆಯಾಗಿಲ್ಲ. ತೆಂಗಿನೆಣ್ಣೆಯೋ ಎಳ್ಳೆಣ್ಣೆಯೋ, ಮನೆಯಲ್ಲಿ ಇರುವುದು ಸಾಕು. ಕೆಲಸ ಮಾಡುವುದು ತಿಕ್ಕುವ ಕೈ ಮತ್ತು ಬಿಸಿನೀರು. ಮಲಗುವ ಒಂದೆರಡು ತಾಸು ಮೊದಲು ಬಿಸಿನೀರ ಸ್ನಾನ ಮಾಡಿದರೆ ಚರ್ಮಕ್ಕೆ ರಕ್ತ ಹರಿದು ಒಳಗಿನ ಶಾಖ ಹೊರಬೀಳುತ್ತದೆ. ಹಾಗೆ ಮೈ ತಣಿಯುವಾಗ ನಿದ್ದೆ ಬೇಗ ಹತ್ತುತ್ತದೆ. ಹಾಗಾಗಿ ಸೋತ ಕಾಲು, ಬಿಗಿದ ಭುಜ, ಬಾರದ ನಿದ್ದೆ ಈ ಮೂರೂ ಇದ್ದವರಿಗೆ, ಅಂದರೆ ಮೀನಿನ ಬುಟ್ಟಿ ಹೊತ್ತವರಿಗೆ, ಅಡಿಕೆಗೊನೆ ಕೊಯ್ಲಿನ ದಿನಗಳಲ್ಲಿ ತಡರಾತ್ರಿಯವರೆಗೆ ಅಡಿಕೆ ಸುಲಿಯುವವರಿಗೆ, ನಡಿಗೆಗಿಂತ ಬಚ್ಚಲೇ ಹೆಚ್ಚು ಹೊಂದುತ್ತದೆ. ಮಳೆಗಾಲದಲ್ಲಂತೂ ಇದಕ್ಕೆ ಎದುರಾಳಿಯೇ ಇಲ್ಲ. ಪಂಚಕರ್ಮದ ಪ್ಯಾಕೇಜಿಗೆ ಸಾವಿರಾರು ರೂಪಾಯಿ ಸುರಿಯುವ ಮುನ್ನ ಮನೆಯವರ ಕೈಯಲ್ಲಿ ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಂಡು ನೋಡಿ. ವಯಸ್ಸಾದವರು ಜಾರುವ ಬಚ್ಚಲಿನ ಬಗ್ಗೆ ಎಚ್ಚರವಾಗಿರಬೇಕು, ತಲೆ ತಿರುಗುವವರು ಬಹಳ ಬಿಸಿ ನೀರು ಹೊಯ್ದುಕೊಳ್ಳಬಾರದು.

ಚಹಾ, ಕಷಾಯ, ಕವಳ, ಮತ್ತು ಸಂಜೆಯ ಆ ಇನ್ನೊಂದು ಲೋಟ

ದಣಿವಾದಾಗ ಬಾಯಿಗೆ ಏನು ಹಾಕಿಕೊಳ್ಳುತ್ತೇವೆ ಎಂಬುದರ ಬಗ್ಗೆ ನಾವು ಯೋಚಿಸುವುದೇ ಕಡಿಮೆ. ನಿಜವಾಗಿ ನೋಡಿದರೆ ಈ ಜಿಲ್ಲೆಯಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಆರೈಕೆ ಇದೇ.

ಚಹಾ, ಕಾಫಿ ದಣಿವನ್ನು ಕಳೆಯುವುದಿಲ್ಲ, ಮುಂದೂಡುತ್ತವೆ. ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ತಾಸಿನ ಬಳಿಕವೂ ಮೈಯಲ್ಲಿ ಉಳಿದಿರುತ್ತದೆ. ಸಂಜೆ ಆರರ ಖಡಕ್ ಚಹಾ ರಾತ್ರಿ ಹನ್ನೊಂದಕ್ಕೂ ಕಾವಲು ಕಾಯುತ್ತಿರುತ್ತದೆ. ಬೆಳಗಿನ ಎರಡು ಲೋಟಕ್ಕೆ ನನ್ನ ತಕರಾರಿಲ್ಲ. ಮಧ್ಯಾಹ್ನದ ನಂತರ ಬಿಸಿಯಾಗಿ ಏನಾದರೂ ಬೇಕಿದ್ದರೆ ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹುರಿದು ಪುಡಿಮಾಡಿದ ಕಷಾಯ, ಬೆಲ್ಲ ಹಾಕಿ ಹಾಲು ಸೇರಿಸಿದ್ದು. ಅದರಲ್ಲಿ ಕೆಫೀನಿಲ್ಲ. ಅದು ಒತ್ತಡ ಕಳೆಯುವ ದಿವ್ಯೌಷಧ ಎಂದು ನಾನು ಹೇಳುವುದಿಲ್ಲ, ನಿದ್ದೆ ಕೆಡಿಸುವುದಿಲ್ಲ ಎಂಬುದೇ ಸಾಕಷ್ಟು ದೊಡ್ಡ ಗುಣ. ಒಂದೆಲಗದ ತಂಬುಳಿಯ ಬಗ್ಗೆಯೂ ಅಷ್ಟೆ. ನೆನಪಿನ ಶಕ್ತಿಗೆ ಒಳ್ಳೆಯದು ಎಂದು ಅಜ್ಜಿಯರು ಹೇಳುತ್ತಾರೆ. ಸೆಕೆಯಲ್ಲಿ ಹೊಟ್ಟೆಗೆ ತಂಪು ಎಂಬುದಕ್ಕೆ ನಾನೇ ಸಾಕ್ಷಿ.

ಕರಾವಳಿಯ ಬೇಸಿಗೆಯಲ್ಲಿ ಅರ್ಧ ಸುಸ್ತು ಬೆವರಿನದು. ಬರಿಯ ನೀರು ಹೊಟ್ಟೆ ತುಂಬಿಸುತ್ತದೆ, ಬೆವರಿನಲ್ಲಿ ಹೋದ ಉಪ್ಪು ತುಂಬುವುದಿಲ್ಲ. ಉಪ್ಪು ಹಾಕಿದ ಮಜ್ಜಿಗೆ, ಗಂಜಿ ಜೊತೆ ನಂಜಿಕೊಳ್ಳಲು ಉಪ್ಪಿನಕಾಯಿ, ಮುರುಗಲಿನ ಪಾನಕ ಇವೆಲ್ಲ ನಾಲ್ಕು ತಾಸು ಬಿಸಿಲಲ್ಲಿ ನಿಂತವರಿಗೆ ಯಾವುದೇ ಬಣ್ಣದ ಶಕ್ತಿಪೇಯಕ್ಕಿಂತ ಮೇಲು. ರಕ್ತದೊತ್ತಡ ಇರುವವರು ಉಪ್ಪನ್ನು, ಸಕ್ಕರೆ ಕಾಯಿಲೆಯವರು ಪಾನಕವನ್ನು ಲೆಕ್ಕ ಹಾಕಿ ಕುಡಿಯಬೇಕು.

ಈಗ ಕವಳ, ಅಂದರೆ ಎಲೆ ಅಡಿಕೆ. ಅಡಿಕೆಯ ನಾಡಿನಲ್ಲಿ ಈ ಮಾತು ಹೇಳುವುದು ಸಂಕಟದ ಕೆಲಸ, ನಮ್ಮ ಮನೆಯ ಊಟವೂ ಅಡಿಕೆಯಿಂದಲೇ ನಡೆದದ್ದು. ಕವಳ ಹಾಕಿದ ಕೂಡಲೇ ಮೈ ಬೆಚ್ಚಗಾಗಿ ಚುರುಕು ಬರುವುದು ಅಡಿಕೆಯಲ್ಲಿನ ಅರೆಕೋಲಿನ್ ಎಂಬ ಅಂಶದಿಂದ. ಅದು ನರಗಳನ್ನು ಕೆರಳಿಸುತ್ತದೆ, ಮತ್ತೆ ಮತ್ತೆ ಬೇಕೆನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಅಡಿಕೆಯನ್ನು, ತಂಬಾಕು ಸೇರದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಆ ವರ್ಗೀಕರಣದ ಬಗ್ಗೆ ಬೆಳೆಗಾರರ ಆಕ್ಷೇಪಗಳು ಏನೇ ಇರಲಿ, ದಣಿವು ಕಳೆಯುವ ಉಪಾಯವೆಂದು ದಿನಕ್ಕೆ ಹತ್ತಾರು ಸಲ ಕವಳ ಹಾಕುವುದನ್ನು ಯಾರೂ ಸಮರ್ಥಿಸಲಾರರು. ತಂಬಾಕಿನ ಎಸಳು ಸೇರಿದರಂತೂ ಮಾತೇ ಬೇಡ. ಕವಳದ ಬಟ್ಟಲಿನ ಸುತ್ತ ಕೂರುವ ಹರಟೆಯಲ್ಲಿ ಆರೈಕೆ ಇದೆ, ಬಟ್ಟಲಿನೊಳಗೆ ಇಲ್ಲ. ಹರಟೆಯನ್ನು ಉಳಿಸಿಕೊಂಡು ಬಟ್ಟಲನ್ನು ದೂರ ಸರಿಸಲು ಆಗುವುದಾದರೆ ಅದೇ ಒಳ್ಳೆಯ ಆಯ್ಕೆ.

ಕಾಳಿ ಸೇತುವೆ ದಾಟಿ ಮಾಜಾಳಿಯ ಗಡಿ ಕಳೆದರೆ ಗೋವಾ. ಅಲ್ಲಿಂದ ಅಗ್ಗಕ್ಕೆ ಬರುವ ಸೀಸೆ ಎಷ್ಟೋ ಮನೆಗಳ ಸಂಜೆಯ ಪರಿಹಾರ. ಮದ್ಯ ಬೇಗ ಕಣ್ಣು ಮುಚ್ಚಿಸುತ್ತದೆ, ರಾತ್ರಿಯ ಉತ್ತರಾರ್ಧದ ನಿದ್ದೆಯನ್ನು ಚೂರುಚೂರು ಮಾಡುತ್ತದೆ. ಮರುದಿನದ ದಣಿವಿಗೆ ಅಂದಿನ ಸಂಜೆ ಮತ್ತೆ ಅದೇ ಮದ್ದು. ಇದನ್ನು ಉಳಿದವುಗಳ ಸಾಲಿನಲ್ಲಿಟ್ಟು ಹೋಲಿಸುವ ಅಗತ್ಯವನ್ನೇ ನಾನು ಕಾಣೆ.

ಜನ ಬೇಕೋ, ಏಕಾಂತ ಬೇಕೋ

ಶಾಲೆಯ ಶಿಕ್ಷಕಿ, ಬ್ಯಾಂಕಿನ ಕೌಂಟರಿನಲ್ಲಿ ಕೂರುವವರು, ಆಶಾ ಕಾರ್ಯಕರ್ತೆ ಸಂಜೆಯ ಹೊತ್ತಿಗೆ ಮನುಷ್ಯರ ದನಿಯಿಂದಲೇ ಬಳಲಿರುತ್ತಾರೆ. ಅವರನ್ನು ಭಜನಾ ಮಂಡಳಿಗೆ, ಸ್ವಸಹಾಯ ಸಂಘದ ಸಭೆಗೆ ಎಳೆಯಬೇಡಿ. ಅರ್ಧ ತಾಸು ಯಾರೂ ಮಾತಾಡಿಸದ ಜಾಗ ಅವರಿಗೆ ಸಾಕು. ಮಾಳಿಗೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತ ಹುಡುಗನ ಪಾಡು ತಿರುಗುಮುರುಗು. ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತುವುದರಲ್ಲಿ ಅವನಿಗೆ ವ್ಯಾಯಾಮ ಆಗಿಹೋಗುತ್ತದೆ. ಇಲ್ಲದ್ದು ಗೆಳೆಯರು. ಅವನಿಗೆ ಧ್ಯಾನದ ಆ್ಯಪ್‌ಗಿಂತ ಸಂಜೆಯ ವಾಲಿಬಾಲ್ ಸಾವಿರ ಪಾಲು ಉತ್ತಮ.

ಮೊಬೈಲ್ ಏಕಾಂತವನ್ನೂ ಕೊಡುವುದಿಲ್ಲ, ಜನರನ್ನೂ ಕೊಡುವುದಿಲ್ಲ. ಎರಡರ ಭ್ರಮೆಯನ್ನು ಒಟ್ಟಿಗೆ ಕೊಡುವ ಸಾಮರ್ಥ್ಯ ಅದಕ್ಕಿದೆ. ಮಲಗುವ ಕೋಣೆಯಿಂದ ಹೊರಗೆ ಚಾರ್ಜಿಗೆ ಹಾಕುವುದಕ್ಕಿಂತ ಬೇರೆ ಉಪಾಯ ನನಗೆ ಹೊಳೆದಿಲ್ಲ.

ಯಕ್ಷಗಾನವನ್ನು ಬಿಟ್ಟು ನಮ್ಮ ಜಿಲ್ಲೆಯ ಮನರಂಜನೆಯ ಮಾತು ಮುಗಿಯದು. ಇಡೀ ರಾತ್ರಿಯ ಆಟ ನೋಡಿ ಬೆಳಗ್ಗೆ ಕೆಂಗಣ್ಣಿನಲ್ಲಿ ಕೆಲಸಕ್ಕೆ ಹೋಗುವವರ ಖುಷಿಯನ್ನು ಅಲ್ಲಗಳೆಯಲಾರೆ, ಆದರೆ ದಣಿದ ದೇಹದ ಲೆಕ್ಕದಲ್ಲಿ ಅದು ಖರ್ಚು. ಕಾಲಮಿತಿಯ ಆಟ ಮಧ್ಯರಾತ್ರಿಯ ಆಸುಪಾಸಿಗೆ ಮುಗಿಯುತ್ತದೆ, ಅಷ್ಟರಮಟ್ಟಿಗೆ ವಾಸಿ. ನನ್ನ ಆಯ್ಕೆ ಮಧ್ಯಾಹ್ನದ ತಾಳಮದ್ದಲೆ. ಗೋಡೆಗೆ ಒರಗಿ ಕೂರಬಹುದು. ಎದುರಿಗೆ ಭೀಷ್ಮನೂ ಪರಶುರಾಮನೂ ತಮ್ಮ ಸಂಕಟಗಳನ್ನು ಸೊಗಸಾಗಿ ವಾದಿಸುತ್ತಿರುವಾಗ ನಮ್ಮ ಸಾಲದ ಕಂತು ಮೂರು ತಾಸು ನೆನಪಾಗುವುದಿಲ್ಲ. ಮಳೆಗಾಲದಲ್ಲೂ ತಾಳಮದ್ದಲೆಗೆ ಅಡ್ಡಿಯಿಲ್ಲ.

ಆರೈಕೆಯಿಂದ ಬಗೆಹರಿಯದ ದಣಿವು

ನಾಲ್ಕೂವರೆಗೆ ಎದ್ದು ಕೊಟ್ಟಿಗೆ, ತಿಂಡಿ, ಮಕ್ಕಳ ಡಬ್ಬಿ, ಅತ್ತೆ ಮಾವನ ಔಷಧ ಮುಗಿಸಿ ಕೆಲಸಕ್ಕೆ ಹೋಗಿ, ಸಂಜೆ ಬಂದು ಮತ್ತೆ ಒಲೆಯ ಮುಂದೆ ನಿಲ್ಲುವ ಹೆಂಗಸಿಗೆ ‘ನಿನಗಾಗಿ ಸ್ವಲ್ಪ ಸಮಯ ಇಟ್ಟುಕೋ’ ಎಂದು ಹೇಳುವುದು ಅವಮಾನ. ಅವಳ ದಣಿವಿಗೆ ಕಾರಣ ಮನಸ್ಸಿನ ಶಿಸ್ತಿನ ಕೊರತೆಯಲ್ಲ, ಕೆಲಸದ ಹಂಚಿಕೆ. ಎಣ್ಣೆ, ಉಸಿರು, ಬೇಲೆ ಯಾವುದೂ ಅದನ್ನು ಸರಿಪಡಿಸದು. ಇಲ್ಲಿ ಹೋಲಿಸಬೇಕಾದ ಆಯ್ಕೆಗಳೇ ಬೇರೆ. ರಾತ್ರಿಯ ಅಡುಗೆಯನ್ನು ವಾರಕ್ಕೆ ಎರಡು ದಿನ ಮನೆಯ ಗಂಡಸರು ವಹಿಸಿಕೊಳ್ಳುವುದೋ, ಹಾಲು ಕರೆಯಲು ಆಳು ಇಡುವುದೋ, ಅಜ್ಜನ ಔಷಧದ ಹೊಣೆ ಕಾಲೇಜಿಗೆ ಹೋಗುವ ಮಗನಿಗೆ ಕೊಡುವುದೋ? ನನ್ನ ಅನುಭವದಲ್ಲಿ ‘ಸಹಾಯ ಮಾಡಿ’ ಎಂಬ ಮಾತಿಗೆ ಒಂದು ವಾರದ ಆಯುಷ್ಯ. ಒಂದು ಕೆಲಸವನ್ನು ಪೂರ್ತಿಯಾಗಿ ದಾಟಿಸಿ, ಅದು ಕೆಟ್ಟರೂ ತಿರುಗಿ ಕೈಗೆ ತೆಗೆದುಕೊಳ್ಳದಿರುವುದು ಉಳಿಯುತ್ತದೆ. ಅಪ್ಪಯ್ಯ ಮಾಡಿದ ಸಾರಿನಲ್ಲಿ ಉಪ್ಪು ಹೆಚ್ಚಾದರೆ ಎಲ್ಲರೂ ಅದನ್ನೇ ಉಣ್ಣಲಿ.

ಗೋಕರ್ಣದ ಎರಡು ದಿನವೋ, ಮನೆಯ ಅರ್ಧ ತಾಸೋ

ರಜೆಯ ಹುರುಪು ಕೆಲಸಕ್ಕೆ ಮರಳಿದ ಕೆಲವೇ ವಾರಗಳಲ್ಲಿ ಕರಗುತ್ತದೆ ಎಂದು ಈ ಕುರಿತ ಅಧ್ಯಯನಗಳು ಹೇಳುತ್ತವೆ. ಹಾಗಾಗಿ ವರ್ಷಕ್ಕೊಮ್ಮೆಯ ದೊಡ್ಡ ಪ್ರವಾಸಕ್ಕಿಂತ ದಿನದ ಅರ್ಧ ತಾಸಿಗೆ ನನ್ನ ಮತ. ಆದರೂ ಜಾಗ ಬದಲಾಗದೆ ತಲೆ ಬದಲಾಗದ ದಿನಗಳಿರುತ್ತವೆ.

ಗೋಕರ್ಣ ಕಾರವಾರದಿಂದ ಸುಮಾರು 60 ಕಿಲೋಮೀಟರ್. ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡದ ಮೇಲಿನ ಕಾಲುದಾರಿ ಹಿಡಿದರೆ ಕಡಲೂ ಸಿಗುತ್ತದೆ, ನಡಿಗೆಯೂ ಆಗುತ್ತದೆ. ಹಣ ಕೊಟ್ಟು ಸೇರುವ ಯೋಗ ಶಿಬಿರಗಳೂ ಅಲ್ಲಿವೆ. ಕಲಿಯಬೇಕು ಎಂಬ ಆಸೆಯಿದ್ದರೆ ಸೇರಿ, ಬರಿಯ ವಿಶ್ರಾಂತಿ ಬೇಕಿದ್ದರೆ ಬೆಳಗ್ಗೆ ಐದಕ್ಕೆ ಎಬ್ಬಿಸುವ ವೇಳಾಪಟ್ಟಿ ಯಾಕೆ? ಸಾಲುರಜೆಯ ದಿನಗಳಲ್ಲಿ ಗೋಕರ್ಣವಾಗಲಿ ಮುರುಡೇಶ್ವರವಾಗಲಿ ಬೇಡ. ಬೆಂಗಳೂರು, ಹುಬ್ಬಳ್ಳಿಯ ಕಾರುಗಳ ನಡುವೆ ಜಾಗ ಹುಡುಕುವುದೇ ಒಂದು ನೌಕರಿ.

ಶಿರಸಿಯವರಿಗೆ ಅಷ್ಟು ದೂರ ಬೇಕಿಲ್ಲ. ಮಳೆ ನಿಂತು ಶಾಲ್ಮಲೆಯ ನೀರಿಳಿದ ಮೇಲೆ ಸಹಸ್ರಲಿಂಗದ ಬಂಡೆಗಳ ಮೇಲೆ ವಾರದ ನಡುವಿನ ಒಂದು ಬೆಳಗು ಕಳೆದು ಊಟದ ಹೊತ್ತಿಗೆ ಮನೆ ಸೇರಬಹುದು. ಕರಾವಳಿಯವರು ಬೇಸಿಗೆಯಲ್ಲಿ ಘಟ್ಟ ಹತ್ತಲಿ, ಮೇಲಿನವರು ಚಳಿಗಾಲದಲ್ಲಿ ಕೆಳಗಿಳಿಯಲಿ. ದೇವಿಮನೆ ಘಟ್ಟದ ತಿರುವುಗಳಲ್ಲಿ ವಾಂತಿ ಬರುವವರು ಮುಂದಿನ ಸೀಟು ಹಿಡಿಯಬೇಕು, ಹೊಟ್ಟೆ ತುಂಬ ತಿಂದು ಹೊರಡಬಾರದು.

ಎರಡು ದಿನದ ರಜೆಯಾದರೆ ಶುಕ್ರವಾರ ಸಂಜೆಯೇ ಹೊರಟು ಶನಿವಾರ ರಾತ್ರಿ ಮರಳುವುದು ಲೇಸು. ಭಾನುವಾರ ಒದ್ದೆ ಬಟ್ಟೆ ಒಣಗಿಸಿ, ಮರಳು ಕೊಡವಿ, ಮಧ್ಯಾಹ್ನ ಅರ್ಧ ತಾಸು ಮಲಗಿ, ರಾತ್ರಿ ಬೇಗ ಊಟ ಮುಗಿಸಲು ಸಮಯ ಸಿಗುತ್ತದೆ. ಭಾನುವಾರ ರಾತ್ರಿಯ ಬಸ್ಸಿನಲ್ಲಿ ನಿಂತು ಬಂದವರು ಸೋಮವಾರ ಕಚೇರಿಗೆ ತರುವುದು ಪ್ರವಾಸದ ಫೋಟೋಗಳನ್ನು ಮಾತ್ರ.